ಜ್ವರದ ದಿನದ ಪಾಠ

ನೆನೆದರೆ ಈಗಲೂ ಮೈ ಉರಿಯುತ್ತದೆ. ಅರವತ್ತರ ದಶಕದಲ್ಲಿ ವಿಮಾನ ಹಾರಿಸುವುದನ್ನು ಕಲಿಯಲು ನಾನು ಚಿಂತಾಮಣಿಯಿಂದ ಬಸ್ಸು ಹಿಡಿದು ಬೆಂಗಳೂರಿಗೆ ಹೋಗುತ್ತಿದ್ದೆ. ನಮ್ಮದು ರೇಷ್ಮೆಹುಳ ಸಾಕುವ ಮನೆ. ಪೊರೆ ಬಿಡುವ ಮುಂಚೆ ಹುಳ ಮೇವು ಮುಟ್ಟದೆ, ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಪ್ರತಿ ಬೆಳೆಯಲ್ಲೂ ನಾಲ್ಕನೇ ಜ್ವರದ ದಿನ ಮಾತ್ರ ಅಪ್ಪ ನನ್ನನ್ನು ಬಿಡುತ್ತಿದ್ದ. ಅಂದರೆ ತಿಂಗಳಿಗೆ ಒಂದೇ ಪಾಠ.

ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯಿತು. ನಾನು ಇಳಿಸಿದಾಗಲೆಲ್ಲ ವಿಮಾನ ನೆಲಕ್ಕೆ ಬಡಿದು ಪುಟಿಯುತ್ತಿತ್ತು. ಕೊನೆಗೊಂದು ದಿನ ಕಲಿಸುವವರು ಎಲ್ಲರೆದುರೇ ರೇಗಿದರು: “ಹೋದ ತಿಂಗಳು ಕಲಿತದ್ದನ್ನೆಲ್ಲ ಊರಲ್ಲೇ ಬಿಟ್ಟು ಬಂದ್ರಾ? ವಾರಕ್ಕೆ ಮೂರು ಸಲ ಬನ್ನಿ, ಇಲ್ಲಾಂದ್ರೆ ಬರಲೇಬೇಡಿ.” ನನಗಿಂತ ಎಷ್ಟೋ ತಡವಾಗಿ ಸೇರಿದವನೊಬ್ಬ ಅವತ್ತೇ ಮೊದಲ ಸಲ ಒಬ್ಬನೇ ವಿಮಾನ ಹಾರಿಸಿ ಬಂದು ಎಲ್ಲರಿಗೂ ಪೇಡಾ ಹಂಚುತ್ತಿದ್ದ. ನನ್ನ ಕೈಗೂ ಒಂದು ಇಟ್ಟ.

ಮರುದಿನ ಬೆಳಿಗ್ಗೆ ಹುಳಗಳು ಜ್ವರದಿಂದ ಎದ್ದಿದ್ದವು. ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದ ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ.

“ಹೋದಾಗ ಒಂದೇ ಸಲ ನಾಲ್ಕು ಗಂಟೆ ಹಾರ್ಬಿಡು ಕಣಪ್ಪ, ಎಲ್ಲಾ ಸರಿಹೋಗ್ತದೆ,” ಎಂದ.

ನನಗೆ ತಡೆಯಲಾಗಲಿಲ್ಲ. “ಹಂಗಾದ್ರೆ ಹುಳಕ್ಕೂ ತಿಂಗಳಿಗೊಂದು ಸಲ ಬುಟ್ಟಿಗಟ್ಟಲೆ ಸೊಪ್ಪು ಸುರಿದು ಸುಮ್ನಿರಣ!” ಎಂದು ಕಿರುಚಿದೆ.

“ಹುಳ ಸತ್ತೋಗಲ್ವೇನೋ, ತಲೆ ಕೆಟ್ಟಿದೆಯಾ ನಿಂಗೆ?” ಎಂದ ಅಪ್ಪ, ಇನ್ನೊಂದು ಬುಟ್ಟಿ ಸೊಪ್ಪಿಗಾಗಿ ನನ್ನತ್ತ ಕೈ ಚಾಚಿದ.