ಮೌನೇಶಪ್ಪ ಮೇಸ್ತ್ರಿ ಕಟ್ಟಿದ ವಾಶರ್ ಗಂಟುಗಳು

ಮೌನೇಶಪ್ಪ ಮೇಸ್ತ್ರಿಯ ಕಣ್ಣು ಕೆಟ್ಟಿರಲಿಲ್ಲ. ಗಂಟು ಬಿಚ್ಚಿದವನು ನಾನು. ಬಿಚ್ಚಿಲ್ಲ ಎಂದು ಅವರ ಮುಖ ನೋಡಿಯೇ ಸುಳ್ಳು ಹೇಳಿದವನೂ ನಾನು.

ಈ ಪೇಜಿನಲ್ಲಿ ನನ್ನ ಹಳೆಯ ಅಂಬಾಸಿಡರ್ ಕಾರನ್ನು ನೀವೆಲ್ಲ ನೋಡಿದ್ದೀರಿ. ‘ಅಣ್ಣಾ, ಸೂಪರ್’ ಎಂದು ಬರೆದಿದ್ದೀರಿ. ಆರು ವರ್ಷ ಆ ಹೊಗಳಿಕೆಯನ್ನು ನಾಚಿಕೆಯಿಲ್ಲದೆ ತಿಂದಿದ್ದೇನೆ. ಇವತ್ತು ಉಳಿದದ್ದನ್ನೂ ಓದಿಬಿಡಿ. ಬೈಯಬೇಕೆನಿಸಿದರೆ ಬೈಯಿರಿ, ಅಳಿಸುವುದಿಲ್ಲ.

ಆ ಕಾರು ಗೊರೇಬಾಳದಲ್ಲಿ ಒಬ್ಬರ ಹುಲ್ಲಿನ ಬಣವೆಯ ಪಕ್ಕ ನಿಂತಿತ್ತು, ಒಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ನಾನು ಸಿಂಧನೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು, ಹಳೆ ಗಾಡಿಗಳ ಹುಚ್ಚು ಬೇರೆ. ಕೊಂಡು, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದು ಮೌನೇಶಪ್ಪನವರ ಶೆಡ್ಡಿನಲ್ಲಿ ನಿಲ್ಲಿಸಿದೆ. ಗುದ್ದಿಸಿಕೊಂಡು ಸೊಟ್ಟಗಾದ ಗಾಡಿಗಳ ತಗಡು ಬಡಿದು ನೆಟ್ಟಗೆ ಮಾಡುವುದು ಅವರ ಕೆಲಸ. ಆಗಲೇ ಅರವತ್ತು ದಾಟಿತ್ತು.

ಕಾರಿನ ಮುಖ ಕೂಡಿಸುವುದು ಸುಲಭವಲ್ಲ. ಬಾಗಿಲಿಗೆ ಸರಿಯಾಗಿ ಮಡ್‌ಗಾರ್ಡ್ ಕೂರಬೇಕು, ಎರಡು ಮಡ್‌ಗಾರ್ಡುಗಳ ನಡುವೆ ಬಾನೆಟ್ ಕೂರಬೇಕು, ಎಲ್ಲ ಕಡೆಯೂ ಸಂದು ಒಂದೇ ಸಮ ಇರಬೇಕು. ಅವರು ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನ ಉಗುರನ್ನು ಆ ಸಂದಿನಲ್ಲಿ ಮೇಲಿಂದ ಕೆಳಗೆ ಎಳೆಯುತ್ತಿದ್ದರು. ಎಲ್ಲಿ ಉಗುರು ತಡೆಯಿತೋ ಅಲ್ಲಿ ಬೋಲ್ಟು ಸಡಿಲಿಸಿ ಒಂದು ವಾಶರ್ ಹಾಕುವುದು, ಇನ್ನೊಂದನ್ನು ಕಲ್ಲಿಗೆ ತಿಕ್ಕಿ ತೆಳ್ಳಗೆ ಮಾಡಿ ಹಾಕುವುದು, ಮತ್ತೆ ಉಗುರು ಎಳೆಯುವುದು.

“ಬಾನೆಟ್ಟು ಅಂದ್ರ ಹೊಸ ಅಳಿಯ ಇದ್ದಂಗ್ರಿ ಸಾವ್ಕಾರ್ರ,” ಎನ್ನುತ್ತಿದ್ದರು. “ಎರಡೂ ಕಡೀಗೆ ಜಾಗ ಸಮ ಬಿಡಬೇಕು. ಇಲ್ಲಾಂದ್ರ ಮಾರಿ ಉಬ್ಬಿಸ್ಕೊಂಡು ಕುಂದರ್ತಾನ.”

ಹನ್ನೊಂದು ದಿನ ಬೇಕಾಯಿತು. ಕೊನೆಗೆ ಬಾನೆಟ್ ಮುಚ್ಚಿದಾಗ ಕೇಳಿದ ಆ ಒಂದೇ ಸದ್ದು — ಈಗಲೂ ಕಿವಿಯಲ್ಲಿದೆ.

ಆಮೇಲೆ ಬಣ್ಣಕ್ಕೆಂದು ಎಲ್ಲ ಬಿಚ್ಚಿದರು. ಒಂದೊಂದು ಬೋಲ್ಟಿನ ವಾಶರುಗಳನ್ನು ಒಂದೊಂದು ಬಟ್ಟೆಯ ಚೂರಿನಲ್ಲಿ ಕಟ್ಟಿದರು. ಎಡಗಡೆಯವಕ್ಕೆ ಬಿಳಿ ಧೋತರದ ಚೂರು, ಬಲಗಡೆಯವಕ್ಕೆ ಲುಂಗಿಯ ಚೂರು. ಮೇಲಿನ ಬೋಲ್ಟಿಗೆ ಒಂದು ಗಂಟು, ನಡುವಿನದಕ್ಕೆ ಎರಡು, ಕೆಳಗಿನದಕ್ಕೆ ಮೂರು. ಬರೆದಿಡಬಾರದೇ ಎಂದೆ. “ಬರದದ್ದು ಎಣ್ಣೀಗೆ ಅಳಸತೈತ್ರಿ. ಗಂಟು ಅಳಸೂದಿಲ್ಲ,” ಎಂದರು.

ತಗಡುಗಳು ಲಿಂಗಸುಗೂರಿನ ಪೇಂಟರ್ ಹತ್ತಿರ ಹೋದವು. ಗಂಟುಗಳು ಶೆಡ್ಡಿನ ಹಲಗೆಯ ಮೇಲೆ ಉಳಿದವು. ಒಂದು ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಹೋಗಿದ್ದರು. ನನಗೊಂದು ವಿಡಿಯೋ ಬೇಕಿತ್ತು. ಎಲ್ಲ ಗಂಟು ಬಿಚ್ಚಿ ವಾಶರುಗಳನ್ನು ಬಿಳಿ ಟವೆಲಿನ ಮೇಲೆ ಸುರಿದೆ. ಚಂದ ಕಾಣಲೆಂದು ದೊಡ್ಡವು, ಚಿಕ್ಕವು ಎಂದು ಸಾಲಾಗಿ ಜೋಡಿಸಿದೆ — ಹೌದು, ಜೋಡಿಸಿದೆ! ‘ಇಷ್ಟೇ ಚೂರುಗಳು ಒಂದು ಕಾರಿನ ಮುಖ ಹಿಡಿದಿವೆ ನೋಡಿ’ ಎಂದು ಫೋನಿಗೆ ಭಾಷಣ ಮಾಡಿದೆ. ಫೋನ್ ಕೆಳಗಿಟ್ಟು, ಮತ್ತೆ ಕಟ್ಟಲು ಬಟ್ಟೆಯ ಚೂರುಗಳನ್ನು ಕೈಗೆತ್ತಿಕೊಂಡೆ. ಯಾವುದು ಯಾವ ಗಂಟಿನದು?

ಅಂದಾಜಿನ ಮೇಲೆ ಹಂಚಿ ಕಟ್ಟಿಟ್ಟೆ. ವಾಶರ್ ತಾನೇ, ಏನಾಗುತ್ತದೆ ಎಂದುಕೊಂಡೆ. ನನ್ನ ಅಂಗಡಿಯಲ್ಲಿ ಅವನ್ನು ಕಿಲೋ ಲೆಕ್ಕದಲ್ಲಿ ಮಾರುವವನು ನಾನು.

ಬಣ್ಣವಾಗಿ ಬಂದ ತಗಡುಗಳನ್ನು ಮೇಸ್ತ್ರಿ ಗಂಟಿನ ಪ್ರಕಾರವೇ ಕೂಡಿಸಿದರು. ಬಾನೆಟ್ ಮುಚ್ಚಿದರು. ಎಡಮೂಲೆ ಮಡ್‌ಗಾರ್ಡಿಗೆ ಉಜ್ಜಿ ಹೊಸ ಬಣ್ಣ ಉಗುರಗಲ ಎದ್ದುಬಂತು. ಎಲ್ಲ ಬಿಚ್ಚಿ ಮತ್ತೆ ಕೂಡಿಸಿದರು. ಮತ್ತೆ ಅದೇ. ಎರಡು ದಿನ ಹೀಗೆ. ಉಗುರು ‘ತಪ್ಪಿದೆ’ ಎನ್ನುತ್ತಿತ್ತು, ಗಂಟು ‘ಸರಿಯಿದೆ’ ಎನ್ನುತ್ತಿತ್ತು. ಅವರು ಗಂಟನ್ನೇ ನಂಬಿದರು. ಕೊನೆಗೆ ಕೈ ಒರೆಸಿಕೊಂಡು ನನ್ನ ಮುಂದೆ ನಿಂತರು.

“ಗಂಟು ಯಾರರ ಬಿಚ್ಚಿದ್ರೇನ್ರಿ ಸಾವ್ಕಾರ್ರ?”

“ಇಲ್ಲ ಮೇಸ್ತ್ರಿ. ನೀವು ಕಟ್ಟಿದಂಗ ಅದಾವ.”

ಅಷ್ಟೇ. ಹೇಳುವಾಗ ನಾಲಿಗೆ ತೊದಲಲೂ ಇಲ್ಲ.

ಮೂರನೆಯ ದಿನ ಲಿಂಗಸುಗೂರಿನ ಪೇಂಟರ್ ತನ್ನ ಪರಿಚಯದ ಇನ್ನೊಬ್ಬ ಮೇಸ್ತ್ರಿಯನ್ನು ಕರೆತಂದ. ಅವನು ಬೋಲ್ಟು ಸಡಿಲಿಸಿ ನೋಡಿದವನೇ ನಕ್ಕ. “ಎಡಗಡೀದು ಬಲಕ್ಕ, ಬಲಗಡೀದು ಎಡಕ್ಕ! ಯಾವ ಪುಣ್ಯಾತ್ಮ ಕಟ್ಯಾನ್ರಿ ಇವನ್ನ?”

ಮೌನೇಶಪ್ಪ ಹೇಳಿದರು, “ನಾನಽ ಕಟ್ಟೀನಪ್ಪ.”

ನಾನು ಅಲ್ಲೇ ಇದ್ದೆ. ಮೂರು ಹೆಜ್ಜೆ ದೂರದಲ್ಲಿ. ಬಾಯಿ ತೆರೆಯಲಿಲ್ಲ. ಸಂಜೆಯೊಳಗೆ ಅವನು ಎಲ್ಲ ಸರಿ ಮಾಡಿದ. ಮೇಸ್ತ್ರಿ ಬಾಗಿಲ ಹತ್ತಿರ ಕುಳಿತು ತಮ್ಮ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಆ ವಾಶರ್ ವಿಡಿಯೋವನ್ನು ಅಂದೇ ಅಳಿಸಿದೆ. ಅದೊಂದೇ ಸಾಕ್ಷಿಯಾಗಿತ್ತು. ಸಾಲದ್ದಕ್ಕೆ, ಕಾರಿನ ಕಥೆ ಹೇಳುವಾಗ ಇದೇ ಪೇಜಿನಲ್ಲಿ ಹೇಳಿದೆ — ಪಾಪ, ನಮ್ಮ ಮೇಸ್ತ್ರಿಗೆ ವಯಸ್ಸಾಯಿತು, ಕಣ್ಣು ಮೊದಲಿನಂತಿಲ್ಲ. ನೀವು ಮರುಗಿದಿರಿ. ಊರವರು ಗಾಡಿಗಳನ್ನು ಬೇರೆ ಕಡೆ ಒಯ್ದರು. ಆದರೆ ಅದಕ್ಕೂ ಮೊದಲೇ ಮೇಸ್ತ್ರಿ ತಾವಾಗಿಯೇ ಸುತ್ತಿಗೆ ಕೆಳಗಿಟ್ಟಿದ್ದರು. ಶೆಡ್ಡು ಬಿಟ್ಟು ಗಂಡ ಹೆಂಡತಿ ಮಸ್ಕಿಯಲ್ಲಿ ಮಗಳ ಮನೆ ಸೇರಿದರು.

ಹೋದ ವಾರ ಮಸ್ಕಿಗೆ ಹೋದೆ. ಮಗಳ ಟೇಲರಿಂಗ್ ಅಂಗಡಿಯಲ್ಲಿ ಕುಳಿತಿದ್ದರು. ಅಳತೆಪಟ್ಟಿ ಕೊಟ್ಟರೂ ಮುಟ್ಟುವುದಿಲ್ಲವಂತೆ. ಕಣ್ಣಿನ ಡಾಕ್ಟರ್ ಏನೂ ತೊಂದರೆಯಿಲ್ಲ ಎಂದಿದ್ದಾರೆ. “ಡಾಕ್ಟರಿಗೇನು ಗೊತ್ತ್ರಿ? ಅವರೇನು ಸಂದು ನೋಡ್ಯಾರೇನು?” ಎಂದು ನಕ್ಕರು.

ಎಲ್ಲ ಹೇಳಿದೆ. ಟವೆಲ್, ವಿಡಿಯೋ, ಅಂದಾಜಿನ ಗಂಟು, ಸುಳ್ಳು. ಒಂದನ್ನೂ ಬಿಡಲಿಲ್ಲ. ಅವರು ತಲೆ ಬಗ್ಗಿಸಿ ಕೇಳಿದರು. ಆಮೇಲೆ ಒಳಗಿದ್ದ ಹೆಂಡತಿಯನ್ನು ಕರೆದರು.

“ಏ, ಇಲ್ಲಿ ಬಾರಬೇ. ನನ್ನ ಹೆಸರು ಉಳಸಾಕ ಸಾವ್ಕಾರ್ರು ತಪ್ಪು ತಮ್ಮ ಮ್ಯಾಲ ಹಾಕ್ಕೊಳ್ಳಾಕತ್ತಾರ, ಕೇಳು.”

“ಇಲ್ಲ ಮೇಸ್ತ್ರಿ, ಖರೇನ ನಾನಽ ಬಿಚ್ಚೀನಿ—”

“ಬಿಡ್ರಿ. ನನ್ನ ಕೈ ನನಗ ಗೊತ್ತಿಲ್ಲೇನು? ಅವತ್ತು ನನ್ನ ಕೈಲೆ ಆಗಲಿಲ್ಲ.”

“ನನ್ನ ಮಗನ ಆಣಿ, ಮೇಸ್ತ್ರಿ.”

ಅವರ ಮುಖ ಗಂಭೀರವಾಯಿತು. “ಒಳ್ಳೇದಕ್ಕಾದ್ರೂ ಸುಳ್ಳಿಗೆ ಮಕ್ಕಳ ಆಣಿ ಮಾಡಬಾರ್ದ್ರಿ,” ಎಂದು ನನ್ನನ್ನೇ ಗದರಿದರು.

ಆರು ವರ್ಷ ಆ ಸುಳ್ಳನ್ನು ಅವರು ದಿನಾ ಉಂಡಿದ್ದಾರೆ, ಅದರ ಜೊತೆ ಮಲಗಿದ್ದಾರೆ. ನಾನು ಒಂದು ಮಧ್ಯಾಹ್ನ ಬಂದು ಬೇರೆಯದನ್ನು ಹೇಳಿದರೆ ಹೇಗೆ ನಂಬಿಯಾರು?

ಮೇಸ್ತ್ರಿಯ ಹೆಂಡತಿ ಚಹಾ ತಂದುಕೊಟ್ಟರು. ಕುಡಿದೆ. ಹೊರಡುವಾಗ ಇಬ್ಬರೂ ರಸ್ತೆಯವರೆಗೆ ಬಂದರು. ಮೌನೇಶಪ್ಪನವರು ನನಗೆ ಕೈ ಮುಗಿದರು.