ಚೀಟಿ ಅಂಟಿಸಿದ ಹೊಗೆಪೆನ್ನು

ನಮ್ಮ ಮನೆಯಲ್ಲಿ ಹೆಸರಿಲ್ಲದ ವಸ್ತು ಇರಕೂಡದು. ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನ ನಿಯಮ. ಛತ್ರಿ, ಟಾರ್ಚು, ಸೊಸೆಯ ಇಡ್ಲಿ ಪಾತ್ರೆ, ಎಲ್ಲದರ ಮೇಲೂ ನನ್ನ ದುಂಡಕ್ಷರದ ಚೀಟಿ. ಹತ್ತನೇ ತರಗತಿಯ ಮೊಮ್ಮಗಳ ಬ್ಯಾಗಿಗೆ ಪ್ರತಿ ಸೋಮವಾರ ಬೆಳಿಗ್ಗೆ ಆರಕ್ಕೆ ತಪಾಸಣೆ. ಒಂದು ಸೋಮವಾರ ಅವಳ ಜಾಮಿಟ್ರಿ ಬಾಕ್ಸಿನಲ್ಲಿ ನೀಲಿ ಬಣ್ಣದ ದಪ್ಪ ಪೆನ್ನೊಂದು ಸಿಕ್ಕಿತು. ಮುಚ್ಚಳವಿಲ್ಲ, ನಿಬ್ಬಿಲ್ಲ, ಮಾವಿನಹಣ್ಣಿನ ವಾಸನೆ. ಈಗಿನ ಪೆನ್ನಿಗೆ ಪರಿಮಳವೂ ಬೇಕೇನೋ ಎಂದುಕೊಂಡು, ಅವಳ ಹೆಸರು, ತರಗತಿ, ಸೆಕ್ಷನ್ ಬರೆದ ಚೀಟಿ ಅಂಟಿಸಿ ಒಳಗಿಟ್ಟೆ.

ಮಧ್ಯಾಹ್ನ ಭಾರತೀನಗರದ ಅವಳ ಶಾಲೆಯಿಂದ ಫೋನು. ಅದು ಪೆನ್ನಲ್ಲವಂತೆ, ವೇಪ್, ಬ್ಯಾಟರಿಯ ಸಿಗರೇಟು. ಹುಡುಗಿಯರ ಶೌಚಾಲಯದ ಕಿಟಕಿಯ ಮೇಲೆ ಬಚ್ಚಿಟ್ಟದ್ದು ಸಿಕ್ಕಿತಂತೆ. ಯಾರದೆಂದು ಪತ್ತೆ ಹಚ್ಚುವ ಕಷ್ಟ ಶಾಲೆಗೆ ಬರಲಿಲ್ಲ. ವಿಳಾಸವನ್ನು ನಾನೇ ಅಂಟಿಸಿ ಕಳಿಸಿದ್ದೆ.

"ಅದ್ಕೂವೆ ಚೀಟಿ ಅಂಟುಸ್ಬುಟ್ಯಲ್ಲ ತಾತ!" ಮೊಮ್ಮಗಳು ಅಳುತ್ತಲೇ ಬೈದಳು.

"ಸೇದೋಳ್ಗೆ ಕಣ್ಣಿರ್ಲಿಲ್ವಾ?" ಎಂದೆ.

ನಗುವ ಸಂಗತಿಯಾಗಿರಲಿಲ್ಲ. ಟಿ.ಸಿ. ಕೊಟ್ಟು ಕಳಿಸಿ ಎಂದು ಉಳಿದ ಪೋಷಕರ ಒತ್ತಾಯ. ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಟಿ.ಸಿ. ಹಿಡಿದು ಬಂದ ಹುಡುಗಿಯನ್ನು ಯಾವ ಶಾಲೆ ಸೇರಿಸಿಕೊಳ್ಳುತ್ತದೆ?

ಶನಿವಾರ ಶಾಲೆಯಲ್ಲಿ ಪೋಷಕರ ಸಭೆ. ಮೊಮ್ಮಗಳನ್ನು ಮುಂದೆ ನಿಲ್ಲಿಸಿದ್ದರು. ದಪ್ಪ ಮೀಸೆಯ ಅಪ್ಪನೊಬ್ಬ ಎದ್ದ. ಬಾಯಿ ತುಂಬ ಗುಟ್ಕಾ ಇದ್ದುದರಿಂದ ಸೂರು ನೋಡಿಕೊಂಡೇ ಮಾತಾಡಿದ: "ಇಂತೋರ್ನ ಮೊದ್ಲು ಓಡ್ಸಿ ಮೇಡಮ್ಮೋರೆ. ನಮ್ ಐಕ್ಳೂ ಕೆಟ್ಟೋಯ್ತವೆ."

ನನ್ನ ಹಳೇ ಚಾಳಿ ಕೆರಳಿತು. "ಸಾಲಾಗಿ ನಿಂತ್ಕಳ್ರಲಾ! ಜೇಬು ಖಾಲಿ ಮಾಡಿ!" ಎಂದು ಕೂಗಿದೆ. ಅರ್ಧದಷ್ಟು ಜನ ಅದೇ ಶಾಲೆಯಲ್ಲಿ ನನ್ನ ಕೈಕೆಳಗೆ ಓದಿದವರು. ಯೋಚಿಸುವ ಮೊದಲೇ ಕಾಲು ಜೋಡಿಸಿ ನಿಂತರು. ಮೇಜಿನ ಮೇಲೆ ಬೀಡಿ ಕಟ್ಟು, ಸಿಗರೇಟು, ಗುಟ್ಕಾ ಪೊಟ್ಟಣ ಗುಡ್ಡೆ ಬಿದ್ದವು. ಪೆಟ್ಟಿಗೆ ಅಂಗಡಿಯೊಂದನ್ನು ತೆರೆಯಬಹುದಿತ್ತು.

"ಮೇಷ್ಟ್ರೇ, ನಿಮ್ ಜೇಬು?" ಎಂದರು ಮುಖ್ಯೋಪಾಧ್ಯಾಯಿನಿ. ಅವರೂ ನನ್ನ ಶಿಷ್ಯೆಯೇ. ಖೋಖೋದಲ್ಲಿ ಯಾರ ಕೈಗೂ ಸಿಗುತ್ತಿರಲಿಲ್ಲ.

ನಶ್ಯದ ಡಬ್ಬಿ ತೆಗೆದಿಟ್ಟೆ. ಅದರ ಮೇಲೂ ಚೀಟಿಯಿತ್ತು: ನನ್ನ ಹೆಸರು, ಕೆಳಗೆ 'ಬೆಳಿಗ್ಗೆ ಹತ್ತಕ್ಕೆ ಒಂದು ಚಿಟಿಕೆ, ಸಂಜೆ ಐದಕ್ಕೆ ಒಂದು'. ಸಭೆಯೆಲ್ಲ ನಕ್ಕಿತು. ಮೊಮ್ಮಗಳು ಎಲ್ಲರಿಗಿಂತ ಜೋರಾಗಿ.

ಮುಖ್ಯೋಪಾಧ್ಯಾಯಿನಿ ನಗಲಿಲ್ಲ. "ಯಾವಾಗಿಂದ ಸೇದ್ತಿದ್ದೀಯಮ್ಮ?" ಎಂದು ಅವಳನ್ನೇ ಕೇಳಿದರು.

"ಎರಡು ತಿಂಗ್ಳು, ಮಿಸ್. ಬಸ್ಸಲ್ಲಿ ಫ್ರೆಂಡ್ ಕೊಟ್ಳು. ಈಗ ಬುಟ್ರೆ ತಲೆ ನೋಯ್ತದೆ. ಓದಿದ್ದು ತಲೆಗತ್ತಲ್ಲ."

ಅದುವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ. ನಾನಂತೂ ಬರೀ ಬ್ಯಾಗು ನೋಡಿದ್ದೆ.

ಮುಖ್ಯೋಪಾಧ್ಯಾಯಿನಿ ವೇಪನ್ನೂ ನಶ್ಯದ ಡಬ್ಬಿಯನ್ನೂ ಒಂದೇ ಡ್ರಾಯರಿಗೆ ಹಾಕಿ ಬೀಗ ಜಡಿದರು. "ಟಿ.ಸಿ. ಬರೆಯಲ್ಲ. ಮಂಡ್ಯದ ಆಸ್ಪತ್ರೆಗೆ ಕರ್ಕೊಂಡೋಗಿ, ಬಿಡೋಕೆ ದಾರಿ ಹೇಳ್ತಾರೆ. ನೀವೂ ತೋರಿಸ್ಕೊಳ್ಳಿ. ಪರೀಕ್ಷೆವರೆಗೂ ಇಬ್ರೂ ದಿನಾ ಹತ್ತಕ್ಕೆ ಬಂದು ನನಗೆ ಮುಖ ತೋರಿಸ್ಬೇಕು."

"ನಮ್ ಗುಟ್ಕಾ?" ಎಂದ ಮೀಸೆಯವ.

"ನಿಮ್ಮ ಮಗನ್ನ ಕರೆಸ್ತೀನಿ. ಅವನ ಕೈಯಿಂದಲೇ ಇಸ್ಕೊಳ್ಳಿ."

"ಬ್ಯಾಡ ಬುಡಿ," ಎಂದು ಹೊರಗೆ ಹೋದ.

ಈಗ ದಿನವೂ ಹತ್ತಕ್ಕೆ ಶಾಲೆಯ ವರಾಂಡದಲ್ಲಿ ನಾವಿಬ್ಬರೂ ಹಾಜರು. ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. "ತಾತ, ಕೈ!" ಎಂದು ಗದರುತ್ತಾಳೆ. ಸೋಮವಾರದ ತಪಾಸಣೆ ನಡೆದೇ ಇದೆ, ಬೆಳಿಗ್ಗೆ ಆರಕ್ಕೇ. ಮೊದಲು ನನ್ನ ಜೇಬು, ಆಮೇಲೆ ಅವಳ ಬ್ಯಾಗು.