ನಕ್ಷೆಯಲ್ಲಿ ಘಟ್ಟದ ಮೇಲೆ

ವಿರಾಜಪೇಟೆಯಲ್ಲಿ ಬಿಳಿ ದೊರೆಯೊಬ್ಬನ ಏಜೆನ್ಸಿ ಆಫೀಸಿತ್ತು. ಸುತ್ತಲಿನ ಕಾಫಿ ತೋಟಗಳ ಚೆಕ್ಕುಗಳು ಅಲ್ಲಿಗೆ ಬರುತ್ತಿದ್ದವು. ಯಾವ ಊರಿನ ಬ್ಯಾಂಕಿನ ಚೆಕ್ಕೋ ಆ ಊರಿಗೆ ಹೋದರೆ ಮಾತ್ರ ಅದಕ್ಕೆ ಹಣ. ನಾನು ಅಲ್ಲಿ ಕಸ ಗುಡಿಸುವವಳು.

ಮೈಸೂರು, ಮಂಗಳೂರು, ತಲಚೇರಿ, ಮೂರಕ್ಕೂ ಒಂದೊಂದು ಮರದ ಖಾನೆ. ಗುಮಾಸ್ತರು ಊರಿಗೊಂದು ನಂಬರು ಇಟ್ಟಿದ್ದರು. ಚೆಕ್ಕಿನ ಮೂಲೆಯಲ್ಲಿ ಪೆನ್ಸಿಲಿನಿಂದ ಆ ನಂಬರು, ಖಾನೆಯ ಮೇಲೆ ಸೀಮೆಸುಣ್ಣದಲ್ಲಿ ಅದೇ ನಂಬರು. ಗೋಡೆಯ ನಕ್ಷೆಯಲ್ಲಿ ಮೂರು ಕೆಂಪು ದಾರಿ, ದಾರಿಯ ತುದಿಯಲ್ಲೂ ಅದೇ. ಆಗ ನನಗೆ ಅಕ್ಷರ ಬಾರದು, ಅಂಕಿ ಗುರುತಿತ್ತು. ನಂಬರು ನೋಡಿ ಚೆಕ್ಕನ್ನು ಖಾನೆಗೆ ಹಾಕುವ ಕೆಲಸವನ್ನು ಗುಮಾಸ್ತರು ನನಗೇ ಬಿಟ್ಟರು. ಪೊರಕೆ ಹಿಡಿದ ಕೈಗೆ ಚೆಕ್ಕು ಯಾರು ಕೊಟ್ಟಾರು ಎಂದು ನೆರೆಯವಳು ಕುಟುಕಿದಳು. ನಾನು ಇನ್ನಷ್ಟು ಸೆಟೆದು ನಡೆದೆ.

ಆಯುಧಪೂಜೆಯ ದಿನ ಗುಮಾಸ್ತರು ಹೂವು ತರಲು ಹೋದಾಗ ಖಾಲಿ ಖಾನೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ನಂಬರು ಅಳಿಸಿಹೋಯಿತು. ಯಾವ ಖಾನೆ ಯಾವ ಊರಿನದು ಎಂಬುದು ಗೊತ್ತಿತ್ತು, ಟಪಾಲಿಗೆ ಕಟ್ಟು ಹೊರುತ್ತಿದ್ದವಳು ನಾನೇ. ದಿನಾ ಅಂಕಿಗೆ ಅಂಕಿ ಹೊಂದಿಸುತ್ತಿದ್ದೆನಷ್ಟೆ, ಯಾವ ಊರಿಗೆ ಯಾವ ನಂಬರು ಎಂಬುದು ಮಾತ್ರ ನೆನಪಿಗೆ ಬರಲಿಲ್ಲ. ಕೇಳಿದರೆ ದಡ್ಡಿ ಎಂದಾರು. ನಕ್ಷೆ ನೋಡಿದೆ. ಮೈಸೂರು ಘಟ್ಟದ ಮೇಲಿನ ಊರು. ಹಾಗಾದರೆ ಮೇಲಿನ ತುದಿಯ ನಂಬರೇ ಮೈಸೂರಿನದು. ತಲಚೇರಿಗೆ ಇಲ್ಲಿಂದಲೇ ನೇರ ಘಟ್ಟ ಇಳಿಯಬೇಕು, ಅದು ಕೆಳಗೆ. ಪಕ್ಕಕ್ಕೆ ಉಳಿದದ್ದು ಮಂಗಳೂರು. ಹಾಗೆಯೇ ಬರೆದೆ. ನಕ್ಷೆಯ ಮೇಲ್ತುದಿ ಎಂದರೆ ಬಡಗು ದಿಕ್ಕು, ಅಲ್ಲಿರುವುದು ಮಂಗಳೂರು ಎಂದು ನನಗೇನು ಗೊತ್ತು?

ಗುಮಾಸ್ತರು ಖಾನೆಯ ಕಡೆ ನೋಡಲಿಲ್ಲ. ನನ್ನನ್ನು ನಂಬಿದ್ದರು. ಎರಡು ವಾರ ಮೈಸೂರಿನ ಚೆಕ್ಕು ಮಂಗಳೂರಿಗೂ ಮಂಗಳೂರಿನದು ಮೈಸೂರಿಗೂ ಹೋಯಿತು. ಬಿಟ್ಟಂಗಾಲದ ತೋಟವೊಂದರಲ್ಲಿ ಆಳುಗಳ ಬಟವಾಡೆ ನಿಂತಿತು. ದೊರೆ ಗುಮಾಸ್ತರನ್ನು ಕರೆಸಿದ.

ಒಳಗೆ ಹೋಗುವ ಮೊದಲು ಅವರು ನನ್ನನ್ನು ಅಂಗಳಕ್ಕೆ ಕರೆದು, "ಖಾನೆ ಒರೆಸಿದ್ದು ನೀನಾ? ಇದ್ದದ್ದು ಹೇಳು. ನನ್ನ ಕೆಲಸ ಹೋಗ್ತದೆ," ಎಂದರು.

"ನಾನು ಮುಟ್ಟಲೇ ಇಲ್ಲ ಅಯ್ಯ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ನನ್ನ ಸೊಟ್ಟ ಅಂಕಿ ಅವರಿಗೆ ತಿಳಿಯದೇ?

"ಆಯ್ತು ಮಾರಾಯ್ತಿ. ಮಂಗಳೂರಿನ ಚೆಕ್ಕಿಗೆ ಘಟ್ಟ ಹತ್ತಿಸಿದ್ದು ನಾನೇ ಅಂತ ಹೇಳ್ತೇನೆ."

ಹಾಗೆಯೇ ಹೇಳಿದರು. ಸಂಜೆಯೊಳಗೆ ದೊರೆ ಅವರನ್ನು ಕೆಲಸದಿಂದ ತೆಗೆದ. ಹೆಂಡತಿ, ಮೂರು ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟರು.

ಹೊಟ್ಟೆಪಾಡಿಗೆ ಸುಳ್ಳು ಹೇಳಿದೆ ಎಂದರೆ ಅದು ಇನ್ನೊಂದು ಸುಳ್ಳು. ಗುಡಿಸುವ ಕೆಲಸ ಎಲ್ಲಿಯಾದರೂ ಸಿಗುತ್ತಿತ್ತು. ಹೇಳಿದ್ದು ಜಂಭಕ್ಕೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಹೊಸ ಗುಮಾಸ್ತ ಬಂದ. ಚೆಕ್ಕು ವಿಂಗಡಿಸುವವರು ಯಾರು ಎಂದು ಕೇಳಿದ. ನಾನು ಎಂದೆ.